ಬ್ರಿಟನ್ನಿನಲ್ಲಿ ಹುಟ್ಟಿದ ಮಗು ಯಾವ ದೇಶದ ಪ್ರಜೆ? - ಪೌರತ್ವ ನೋಂದಣಿ ಮತ್ತು ದೀರ್ಘ ನಿರೀಕ್ಷೆ

ಬ್ರಿಟನ್ನಿಗೆ ಕೆಲಸಕ್ಕೆ ಹೋದವರಿಗೆ ಅಲ್ಲಿ ಖಾಯಂ ವಾಸದ ಅನುಮತಿ ಸಿಗಲು ಬಹುಕಾಲ ಐದು ವರ್ಷ ಸಾಕಾಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರಕಾರ ಹೊರಡಿಸಿದ ಶ್ವೇತಪತ್ರ ಈ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ ಮಾತನಾಡಿತು. ಅದೇ ವರ್ಷ ನವೆಂಬರ್ 20ರಂದು ಗೃಹಸಚಿವೆ ಶಬಾನಾ ಮಹಮೂದ್ ವಿವರವಾದ ಪ್ರಸ್ತಾವವನ್ನು ಸಂಸತ್ತಿನ ಮುಂದಿಟ್ಟರು. ಸಾಮಾನ್ಯ ಅವಧಿ ಹತ್ತು ವರ್ಷ. ವೃದ್ಧರ, ರೋಗಿಗಳ ಆರೈಕೆ ಮಾಡುವ ಕೇರ್ ವರ್ಕರ್‌ಗಳಂತಹ ಕಡಿಮೆ ವೇತನದ ನೌಕರರಿಗೆ ಹದಿನೈದು ವರ್ಷ. ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ವೈದ್ಯರು ಮತ್ತು ನರ್ಸ್‌ಗಳಿಗೆ ಐದೇ ವರ್ಷ ಉಳಿಯಲಿದೆ ಎಂದು ಸರಕಾರ ಹೇಳಿತು. ಈ ಪ್ರಸ್ತಾವದ ಮೇಲೆ 2026ರ ಫೆಬ್ರವರಿ 12ರವರೆಗೆ ಸಾರ್ವಜನಿಕರ ಅಭಿಪ್ರಾಯ ಕೇಳಲಾಯಿತು.

ಪತ್ರಿಕೆಗಳು ಇದನ್ನು ದುಡಿಯುವವರ ಸುದ್ದಿಯಾಗಿ ಬರೆದವು. ಆದರೆ ಇದು ಅಷ್ಟೇ ಮಟ್ಟಿಗೆ ಮಕ್ಕಳ ಸುದ್ದಿ. ಏಕೆಂದರೆ ಬ್ರಿಟನ್ನಿನ ಕಾನೂನಿನಲ್ಲಿ ವಲಸೆ ಬಂದವರ ಮಗುವಿನ ಪೌರತ್ವ ಅದು ಹುಟ್ಟಿದ ನೆಲದಿಂದ ನಿರ್ಧಾರವಾಗುವುದಿಲ್ಲ. ತಂದೆ ಅಥವಾ ತಾಯಿಯ ಕಾಗದಪತ್ರಗಳ ತಾರೀಕಿನಿಂದ ನಿರ್ಧಾರವಾಗುತ್ತದೆ. ತಂದೆ-ತಾಯಿಯ ಕಾಯುವಿಕೆ ಉದ್ದವಾದರೆ ಮಗುವಿನ ಕಾಯುವಿಕೆಯೂ ಉದ್ದವಾಗುತ್ತದೆ. ನಮ್ಮ ಕರಾವಳಿಯ ಎಷ್ಟೋ ಧರ್ಮಕೇಂದ್ರಗಳ ಮಕ್ಕಳು ನರ್ಸ್‌ಗಳಾಗಿ, ಕೇರ್ ವರ್ಕರ್‌ಗಳಾಗಿ ಆ ದೇಶದಲ್ಲಿದ್ದಾರೆ. ಅವರ ಪುಟ್ಟ ಮಕ್ಕಳ ಫೋಟೋಗಳು ಊರಿನ ಮನೆಗಳ ಗೋಡೆಯಲ್ಲಿವೆ. ಹೀಗಿರುವಾಗ ಈ ವಿಷಯವನ್ನು ಸ್ವಲ್ಪ ಆಳವಾಗಿ ತಿಳಿದುಕೊಳ್ಳುವುದು ಅಗತ್ಯ.

ಹುಟ್ಟಿದ ನೆಲವೊಂದೇ ಸಾಲದು

'ಮಗು ಲಂಡನ್ನಿನಲ್ಲಿ ಹುಟ್ಟಿತು, ಹಾಗಾಗಿ ಅದು ಬ್ರಿಟಿಷ್ ಪ್ರಜೆ' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಿಂದೆ ಅದು ಸರಿಯಾಗಿಯೂ ಇತ್ತು. 1982ರ ಕೊನೆಯವರೆಗೆ ಆ ನೆಲದಲ್ಲಿ ಹುಟ್ಟಿದ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅಲ್ಲಿನ ಪೌರತ್ವ ಸಿಗುತ್ತಿತ್ತು. 1981ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆ 1983ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಈ ಪದ್ಧತಿ ನಿಂತಿತು. ಅಂದಿನಿಂದ, ಮಗು ಹುಟ್ಟುವಾಗ ತಂದೆ-ತಾಯಿಯರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆಯಾಗಿರಬೇಕು ಇಲ್ಲವೇ ಖಾಯಂ ವಾಸದ ಅನುಮತಿ ಪಡೆದಿರಬೇಕು. ಇಲ್ಲದಿದ್ದರೆ ಅಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿ, ಅಲ್ಲಿನ ಜನನ ಪತ್ರ ಪಡೆದರೂ ಮಗು ಬ್ರಿಟಿಷ್ ಪ್ರಜೆಯಲ್ಲ.

ಆದರೆ ಅದೇ ಕಾಯ್ದೆ ಇನ್ನೊಂದು ಬಾಗಿಲನ್ನು ತೆರೆದಿಟ್ಟಿತು. ಆ ನೆಲದಲ್ಲಿ ಹುಟ್ಟಿ ಅಲ್ಲಿಯೇ ಬೆಳೆಯುವ ಮಕ್ಕಳನ್ನು ಹೊರಗಿನವರಾಗಿ ಉಳಿಸಬಾರದು ಎಂಬ ಕಾರಣಕ್ಕೆ 'ನೋಂದಣಿ' ಎಂಬ ವ್ಯವಸ್ಥೆಯನ್ನು ಅದು ಮಾಡಿತು. ಅರ್ಹತೆ ಇರುವ ಮಗುವಿನ ಪರವಾಗಿ ಗೃಹ ಇಲಾಖೆಗೆ ಅರ್ಜಿ ಸಲ್ಲಿಸಿ ಪೌರತ್ವ ಪಡೆಯುವ ಕ್ರಮ ಇದು. ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಬೇಕು. ಕೆಲವು ಮಕ್ಕಳಿಗೆ ನೋಂದಣಿ ಕಾನೂನು ಕೊಟ್ಟ ಹಕ್ಕು. ಷರತ್ತುಗಳು ಪೂರ್ಣವಾದರೆ ಇಲಾಖೆ ನೋಂದಾಯಿಸಲೇಬೇಕು. ಇನ್ನು ಕೆಲವು ಮಕ್ಕಳಿಗೆ ಅದು ಗೃಹಸಚಿವರ ವಿವೇಚನೆಗೆ ಬಿಟ್ಟ ವಿಷಯ.

ಒಂದೇ ಮನೆ, ಮೂವರು ಮಕ್ಕಳು

ಈ ವ್ಯತ್ಯಾಸ ಅರ್ಥವಾಗಲು ಒಂದು ಕಾಲ್ಪನಿಕ ಕುಟುಂಬವನ್ನು ತೆಗೆದುಕೊಳ್ಳೋಣ. ತಾಯಿ ನರ್ಸ್, 2021ರ ಆರಂಭದಲ್ಲಿ ಗಂಡ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಎರಡು ವರ್ಷದ ಮಗಳ ಜೊತೆ ಬ್ರಿಟನ್ನಿಗೆ ಹೋದರು. 2022ರಲ್ಲಿ ಅಲ್ಲಿ ಮಗ ಹುಟ್ಟಿದ. 2026ರಲ್ಲಿ ತಾಯಿಗೆ ಖಾಯಂ ವಾಸದ ಅನುಮತಿ ಸಿಕ್ಕಿತು. ಅದಾದ ಮೇಲೆ ಮೂರನೆಯ ಮಗು ಹುಟ್ಟಿತು ಎಂದುಕೊಳ್ಳೋಣ.

ಮೂರನೆಯ ಮಗು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಅದಕ್ಕೆ ನೋಂದಣಿ ಬೇಡ. ನೇರವಾಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು. ಎರಡನೆಯವನು ಹುಟ್ಟುವಾಗ ಪ್ರಜೆಯಾಗಿರಲಿಲ್ಲ. ಆದರೆ ತಾಯಿಗೆ ಖಾಯಂ ವಾಸ ಸಿಕ್ಕಿದ ದಿನದಿಂದ ಅವನಿಗೆ ನೋಂದಣಿಯ ಹಕ್ಕು ಬರುತ್ತದೆ. ಹದಿನೆಂಟು ತುಂಬುವ ಮೊದಲು ಅರ್ಜಿ ಸಲ್ಲಿಸಬೇಕು. ಮೊದಲನೆಯವಳು ಭಾರತದಲ್ಲಿ ಹುಟ್ಟಿದವಳು. ಅವಳಿಗೆ ಈ ಹಕ್ಕು ಇಲ್ಲ. ಅವಳ ಅರ್ಜಿ ವಿವೇಚನೆಗೆ ಬಿಟ್ಟದ್ದು. ಅವಳ ಭವಿಷ್ಯ ಆ ದೇಶದಲ್ಲೇ ಇದೆಯೇ, ಅವಳಿಗೂ ಅಲ್ಲಿ ಖಾಯಂ ವಾಸದ ಅನುಮತಿ ಇದೆಯೇ, ತಂದೆ-ತಾಯಿಯರಲ್ಲಿ ಒಬ್ಬರು ಪ್ರಜೆಯಾಗಿದ್ದಾರೆಯೇ ಅಥವಾ ಆಗುತ್ತಿದ್ದಾರೆಯೇ ಎಂಬುದನ್ನು ಅಧಿಕಾರಿಗಳು ನೋಡುತ್ತಾರೆ. ಖಾಯಂ ವಾಸ ಸಿಕ್ಕಿದ ಮೇಲೆ ಪೌರತ್ವ ಕೇಳಲು ದೊಡ್ಡವರು ಸಾಮಾನ್ಯವಾಗಿ ಇನ್ನೂ ಹನ್ನೆರಡು ತಿಂಗಳು ಕಾಯಬೇಕು. ಆದ್ದರಿಂದ ಇಂತಹ ಮಕ್ಕಳ ಅರ್ಜಿ ಹೆಚ್ಚಾಗಿ ತಂದೆ-ತಾಯಿಯ ಅರ್ಜಿಯ ಜೊತೆಯಲ್ಲೇ ಹೋಗುತ್ತದೆ.

ಒಂದೇ ಮೇಜಿನ ಸುತ್ತ ಕೂತು ರೋಸರಿ ಹೇಳುವ ಮೂವರು ಮಕ್ಕಳು. ಕಾನೂನಿನ ಕಣ್ಣಿಗೆ ಮೂವರೂ ಬೇರೆ ಬೇರೆ. ಊರಿನ ಬಂಧುಗಳು 'ಅವರಿಗೆಲ್ಲ ಆಗಿದೆಯಂತೆ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಎಷ್ಟು ತಪ್ಪು ಎಂಬುದು ಇದರಿಂದ ತಿಳಿಯುತ್ತದೆ.

ಗೋವಾ ಮತ್ತು ಕಾರವಾರದ ಕಡೆಯವರಿಗೆ ಪರಿಚಿತವಾದ ಇನ್ನೊಂದು ಗುಂಪೂ ಇದೆ. ಪೋರ್ಚುಗೀಸ್ ಪೌರತ್ವ ಪಡೆದು, ಯುರೋಪಿಯನ್ ಒಕ್ಕೂಟದ ಪ್ರಜೆಗಳಾಗಿ ಸ್ವಿಂಡನ್‌ನಂತಹ ಊರುಗಳಿಗೆ ಹೋದ ಗೋವಾದ ಕುಟುಂಬಗಳು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಅಂತಹವರು 2021ರ ಜೂನ್ 30ರೊಳಗೆ ವಾಸದ ಅರ್ಜಿ ಸಲ್ಲಿಸಬೇಕಾಗಿತ್ತು. ತಂದೆ ಅಥವಾ ತಾಯಿಗೆ ಪೂರ್ಣ 'ಸೆಟಲ್ಡ್' ಸ್ಥಾನ ಸಿಕ್ಕಿದ ಮೇಲೆ ಅಲ್ಲಿ ಹುಟ್ಟಿದ ಮಗು ಪ್ರಜೆ. ಇಬ್ಬರಿಗೂ 'ಪ್ರಿ-ಸೆಟಲ್ಡ್' ಎಂಬ ತಾತ್ಕಾಲಿಕ ಸ್ಥಾನ ಮಾತ್ರ ಇದ್ದಾಗ ಹುಟ್ಟಿದ ಮಗು ಸಾಮಾನ್ಯವಾಗಿ ಪ್ರಜೆಯಲ್ಲ. ಇಲ್ಲಿಯೂ ತಾರೀಕೇ ತೀರ್ಪುಗಾರ.

ಐದು ವರ್ಷ ಹದಿನೈದಾದರೆ

ಈಗ ಆರಂಭದಲ್ಲಿ ಹೇಳಿದ ಪ್ರಸ್ತಾವಕ್ಕೆ ಮರಳೋಣ. ಕೇರ್ ವರ್ಕರ್‌ಗಳಿಗೆ ಬ್ರಿಟನ್ ತನ್ನ ಆರೋಗ್ಯ ಸೇವೆಯ ವೀಸಾವನ್ನು 2022ರ ಫೆಬ್ರವರಿಯಲ್ಲಿ ತೆರೆಯಿತು. ಸಾವಿರಾರು ಮಂದಿ ಸಾಲ ಮಾಡಿ ಹೋದರು. ಎರಡೇ ವರ್ಷದಲ್ಲಿ, 2024ರ ಮಾರ್ಚ್ 11ರಿಂದ, ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವುದನ್ನು ನಿಷೇಧಿಸಲಾಯಿತು. 2025ರ ಜುಲೈ 22ರಿಂದ ಹೊರದೇಶಗಳಿಂದ ಕೇರ್ ವರ್ಕರ್‌ಗಳನ್ನು ನೇಮಿಸುವ ದಾರಿಯನ್ನೇ ಮುಚ್ಚಲಾಯಿತು. ಅದೇ ವರ್ಷದ ನವೆಂಬರ್ ಪ್ರಸ್ತಾವವಂತೂ, ಈಗಾಗಲೇ ಅಲ್ಲಿದ್ದು ಖಾಯಂ ವಾಸ ಸಿಗದವರನ್ನೂ ಹದಿನೈದು ವರ್ಷದ ಲೆಕ್ಕಕ್ಕೆ ಸೇರಿಸುವ ಮಾತನಾಡಿತು.

2023ರಲ್ಲಿ ಹೋದ ಒಬ್ಬ ಕೇರ್ ವರ್ಕರ್‌ಗೆ ಅದೇ ವರ್ಷ ಅಲ್ಲಿ ಮಗು ಹುಟ್ಟಿತೆಂದು ಭಾವಿಸಿ. ಐದು ವರ್ಷದ ಲೆಕ್ಕದಲ್ಲಿ 2028ರಲ್ಲಿ ಖಾಯಂ ವಾಸ. ಆಗ ಮಗುವಿಗೆ ಐದು ವರ್ಷ, ಒಂದನೆಯ ತರಗತಿಯ ಹೊತ್ತಿಗೆ ನೋಂದಣಿಯ ಹಕ್ಕು. ಹದಿನೈದು ವರ್ಷದ ಲೆಕ್ಕದಲ್ಲಿ 2038; ಮಗುವಿಗೂ ಹದಿನೈದು. ಅಂದರೆ ಇಡೀ ಬಾಲ್ಯವೇ ತಾತ್ಕಾಲಿಕ.

ಇಂತಹ ಮಕ್ಕಳಿಗೆ 1981ರ ಕಾಯ್ದೆಯ ಇನ್ನೊಂದು ಕಲಮು ಈಗ ಬಹಳ ಮುಖ್ಯವಾಗುತ್ತದೆ. ಬ್ರಿಟನ್ನಿನಲ್ಲಿ ಹುಟ್ಟಿ, ಮೊದಲ ಹತ್ತು ವರ್ಷ ಅಲ್ಲಿಯೇ ಬೆಳೆದ ಮಗುವಿಗೆ, ತಂದೆ-ತಾಯಿಯ ವೀಸಾ ಯಾವುದೇ ಇರಲಿ, ನೋಂದಣಿಯ ಹಕ್ಕಿದೆ. ಈ ಹಕ್ಕಿಗೆ ಹದಿನೆಂಟರ ಗಡುವೂ ಇಲ್ಲ. ದೊಡ್ಡವರಾದ ಮೇಲೂ ಕೇಳಬಹುದು. ಮೇಲಿನ ಉದಾಹರಣೆಯ ಮಗು 2033ರಲ್ಲಿ, ಹೆತ್ತವರಿಗಿಂತ ಐದು ವರ್ಷ ಮೊದಲೇ, ಈ ಬಾಗಿಲಿಗೆ ತಲುಪುತ್ತದೆ. ಊರಿನಲ್ಲಿ ಹುಟ್ಟಿ ಪುಟ್ಟ ವಯಸ್ಸಿನಲ್ಲಿ ಅಲ್ಲಿಗೆ ಹೋದ ಅಣ್ಣನಿಗೋ ಅಕ್ಕನಿಗೋ ಈ ಬಾಗಿಲೂ ಇಲ್ಲ.

ಅಜ್ಜಿಮನೆಯ ಪ್ರಶ್ನೆ

ಈ ಹತ್ತು ವರ್ಷದ ದಾರಿಗೆ ಒಂದು ಷರತ್ತಿದೆ. ಆ ಹತ್ತು ವರ್ಷಗಳಲ್ಲಿ ಯಾವುದೇ ಒಂದು ವರ್ಷ ಮಗು 90 ದಿನಗಳಿಗಿಂತ ಹೆಚ್ಚು ದೇಶದಿಂದ ಹೊರಗೆ ಇರಬಾರದು. ವಿಶೇಷ ಕಾರಣವಿದ್ದರೆ ರಿಯಾಯಿತಿ ತೋರಿಸುವ ಅಧಿಕಾರ ಇಲಾಖೆಗಿದೆ, ಆದರೆ ಅದು ಖಚಿತವಲ್ಲ.

ನಮ್ಮವರ ಬದುಕನ್ನು ಬಲ್ಲವರಿಗೆ ಇದರ ತೂಕ ತಕ್ಷಣ ತಿಳಿಯುತ್ತದೆ. ಗಂಡ-ಹೆಂಡತಿ ಇಬ್ಬರೂ ಪಾಳಿಯಲ್ಲಿ ದುಡಿಯುತ್ತಾರೆ. ಅಲ್ಲಿ ಮಗುವನ್ನು ನೋಡಿಕೊಳ್ಳುವ ಕೇಂದ್ರದ ಶುಲ್ಕ ಒಬ್ಬರ ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ಆಗ 'ಎರಡು ವರ್ಷ ಊರಿನಲ್ಲಿ ಅಜ್ಜಿಯ ಹತ್ತಿರ ಇರಲಿ' ಎಂದು ಮಗುವನ್ನು ತಂದು ಬಿಡುತ್ತಾರೆ. ಅಜ್ಜಿಯ ಮಡಿಲು ಮಗುವಿಗೆ ದೊಡ್ಡ ಆಶೀರ್ವಾದ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದೇ ಎರಡು ವರ್ಷ ಮಗುವಿನ ಹತ್ತು ವರ್ಷದ ದಾಖಲೆಯನ್ನು ಮುರಿಯಬಹುದು. ಇನ್ನೂ ಒಂದು ತೊಡಕಿದೆ. ಅಲ್ಲಿ ಹುಟ್ಟಿದ ಮಗು ದೇಶದೊಳಗೆ ಇರುವಷ್ಟು ಕಾಲ ವೀಸಾ ಇಲ್ಲದೆಯೂ ಇರಬಹುದು. ಒಮ್ಮೆ ಹೊರಗೆ ಬಂದರೆ ಮರಳಿ ಹೋಗಲು ವೀಸಾ ಬೇಕು. ಅಜ್ಜನ ಮರಣಕ್ಕೆಂದು ಅವಸರದಲ್ಲಿ ವಿಮಾನ ಹತ್ತಿದವರು ಮಗುವಿನ ವೀಸಾಕ್ಕಾಗಿ ಊರಿನಲ್ಲೇ ಉಳಿಯಬೇಕಾಗುವ ಸಂದರ್ಭ ಇದರಿಂದಲೇ ಬರುತ್ತದೆ.

ತಂದೆ ಅಥವಾ ತಾಯಿಗೆ ಖಾಯಂ ವಾಸ ಸಿಕ್ಕಿದ ಮೇಲೆ ಬರುವ ಹಕ್ಕಿಗೆ ಈ 90 ದಿನಗಳ ಷರತ್ತು ಇಲ್ಲ. ಯಾವ ದಾರಿ ತಮ್ಮ ಮಗುವಿಗೆ ಅನ್ವಯಿಸುತ್ತದೆ ಎಂಬುದನ್ನು ತಿಳಿದ ನಂತರವೇ ಮಗುವನ್ನು ಊರಿಗೆ ಕಳುಹಿಸುವ ನಿರ್ಧಾರ ಮಾಡಬೇಕು.

ಹಕ್ಕಿಗೆ ಕಟ್ಟಿದ ಬೆಲೆ

ಹಕ್ಕು ಎಂದ ಮೇಲೆ ಅದು ಉಚಿತವೇ? ಅಲ್ಲ. 2023ರ ಅಕ್ಟೋಬರ್ 4ರಂದು ಮಗುವಿನ ನೋಂದಣಿ ಶುಲ್ಕವನ್ನು 1,214 ಪೌಂಡಿಗೆ ಏರಿಸಲಾಯಿತು. ನಮ್ಮ ಲೆಕ್ಕದಲ್ಲಿ ಒಂದೂಕಾಲು ಲಕ್ಷ ರೂಪಾಯಿಗೂ ಹೆಚ್ಚು, ಅದೂ ಒಂದು ಮಗುವಿಗೆ. ಅರ್ಜಿ ತಿರಸ್ಕೃತವಾದರೆ ಹಣ ಮರಳಿ ಬರುವುದಿಲ್ಲ.

ಈ ಶುಲ್ಕದ ವಿರುದ್ಧ ಅಲ್ಲಿ ದೊಡ್ಡ ಕಾನೂನು ಹೋರಾಟವೇ ನಡೆಯಿತು. ಮಕ್ಕಳ ಪೌರತ್ವ ನೋಂದಣಿಗಾಗಿ ದುಡಿಯುವ ಪಿಆರ್‌ಸಿಬಿಸಿ ಎಂಬ ಸಣ್ಣ ಸೇವಾಸಂಸ್ಥೆ ಕೆಲವು ಮಕ್ಕಳ ಜೊತೆ ನಿಂತು ಗೃಹ ಇಲಾಖೆಯನ್ನು ನ್ಯಾಯಾಲಯಕ್ಕೆ ಎಳೆಯಿತು. ಆಗ ಶುಲ್ಕ 1,012 ಪೌಂಡ್. ಅರ್ಜಿ ಪರಿಶೀಲಿಸಲು ಇಲಾಖೆಗೆ ತಗಲುತ್ತಿದ್ದ ವೆಚ್ಚ 372 ಪೌಂಡ್ ಮಾತ್ರ. ಉಳಿದ 640 ಪೌಂಡ್ ವಲಸೆ ವ್ಯವಸ್ಥೆಯ ಇತರ ಖರ್ಚಿಗೆ ಹೋಗುತ್ತಿತ್ತು. ಮಕ್ಕಳ ಹಿತವನ್ನು ಯೋಚಿಸದೆ ಈ ಶುಲ್ಕ ನಿಗದಿಪಡಿಸಲಾಗಿದೆ ಎಂದು 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ತೀರ್ಪಿತ್ತಿತು. 2021ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಇಂತಹ ಶುಲ್ಕ ವಿಧಿಸಲು ಸಂಸತ್ತೇ ಅಧಿಕಾರ ಕೊಟ್ಟಿದೆ, ಆದ್ದರಿಂದ ಶುಲ್ಕದ ಮೊತ್ತ ಕಾನೂನುಬಾಹಿರವಲ್ಲ ಎಂದು 2022ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಹೇಳಿತು.

ಹೋರಾಟ ಪೂರ್ತಿ ವ್ಯರ್ಥವಾಗಲಿಲ್ಲ. 2022ರ ಜೂನ್ 16ರಿಂದ, ಶುಲ್ಕ ಕಟ್ಟಲು ನಿಜವಾಗಿಯೂ ಶಕ್ತಿಯಿಲ್ಲದ ಕುಟುಂಬದ ಮಕ್ಕಳಿಗೆ ಶುಲ್ಕ ವಿನಾಯಿತಿ ಕೇಳುವ ಅವಕಾಶ ಬಂತು. ಸ್ಥಳೀಯ ಆಡಳಿತದ ಪಾಲನೆಯಲ್ಲಿರುವ ಮಕ್ಕಳಿಗೆ ಶುಲ್ಕವನ್ನೇ ತೆಗೆಯಲಾಯಿತು. ಮೂವರು ಮಕ್ಕಳ ತಂದೆ-ತಾಯಿ ಬಾಡಿಗೆ ಕಟ್ಟಿ, ಊರಿನ ಸಾಲ ತೀರಿಸಿ, ಕೈಯಲ್ಲಿ ಏನೂ ಉಳಿಯದೆ ಇರುವಾಗ ಈ ವಿನಾಯಿತಿ ಇದೆ ಎಂಬುದೇ ತಿಳಿಯದೆ ಅರ್ಜಿಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡಬಾರದು. ಸಂಬಳ, ಖರ್ಚು, ಬ್ಯಾಂಕಿನ ದಾಖಲೆಗಳ ಮೂಲಕ ಅಶಕ್ತತೆಯನ್ನು ತೋರಿಸಬೇಕಾಗುತ್ತದೆ.

ಮುಂದೂಡುವುದರಿಂದ ಏನಾಗುತ್ತದೆ? ಚಿಕ್ಕ ಮಗುವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹದಿನೆಂಟರ ಹೊಸ್ತಿಲಿನಲ್ಲಿ ತಿಳಿಯುತ್ತದೆ. ಜೊತೆಗೆ ಓದಿದವರು ವಿಶ್ವವಿದ್ಯಾಲಯದ ಸಾಲಕ್ಕೆ ಅರ್ಜಿ ಹಾಕುವಾಗ, ಕೆಲಸಕ್ಕೆ ಸೇರುವಾಗ, ಶಾಲೆಯ ತಂಡದ ಜೊತೆ ಹೊರದೇಶಕ್ಕೆ ಹೋಗುವಾಗ ತನ್ನ ಕೈಯಲ್ಲಿರುವ ಕಾಗದ ಬೇರೆ ಎಂದು ಗೊತ್ತಾಗುತ್ತದೆ. ಕಾಗದವಿಲ್ಲದ ಬಾಲ್ಯ ಎಷ್ಟು ದೂರದವರೆಗೆ ಕಾಡಬಹುದು ಎಂಬುದನ್ನು 2018ರಲ್ಲಿ ಬಯಲಾದ 'ವಿಂಡ್‌ರಶ್' ಹಗರಣ ಲೋಕಕ್ಕೆ ತೋರಿಸಿತು. 1973ಕ್ಕೆ ಮೊದಲು ಕೆರಿಬಿಯನ್ ಮತ್ತಿತರ ಕಾಮನ್‌ವೆಲ್ತ್ ದೇಶಗಳಿಂದ ಮಕ್ಕಳಾಗಿ ಬಂದವರಲ್ಲಿ ಅನೇಕರು ತಂದೆ-ತಾಯಿಯ ಪಾಸ್‌ಪೋರ್ಟಿನಲ್ಲೇ ಬಂದಿದ್ದರು. ಅವರಿಗೆ ಅಲ್ಲಿರುವ ಹಕ್ಕಿತ್ತು, ತೋರಿಸಲು ಕಾಗದವಿರಲಿಲ್ಲ. ಜೀವಮಾನವಿಡೀ ದುಡಿದು ತೆರಿಗೆ ಕಟ್ಟಿದವರು ಇಳಿವಯಸ್ಸಿನಲ್ಲಿ ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ದೇಶದಿಂದಲೇ ಹೊರಗೆ ಕಳುಹಿಸಲಾಯಿತು. ಸರಕಾರ ಕ್ಷಮೆ ಕೇಳಿದ್ದು ಆಮೇಲೆ.

ಕಾಯುವ ತಿಂಗಳುಗಳು

ಅರ್ಜಿ ಸಲ್ಲಿಸಿದ ಮೇಲೆ ಮಗುವಿನ ಫೋಟೋ, ಐದು ವರ್ಷ ದಾಟಿದ್ದರೆ ಬೆರಳಚ್ಚು ಕೊಡಬೇಕು. ದೊಡ್ಡವರಿಗಿರುವಂತೆ ಬ್ರಿಟಿಷ್ ಜೀವನದ ಬಗ್ಗೆ ಪರೀಕ್ಷೆ ಮಕ್ಕಳಿಗಿಲ್ಲ. ಹತ್ತು ವರ್ಷ ದಾಟಿದವರ ನಡತೆಯನ್ನು ಮಾತ್ರ ಪರಿಶೀಲಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತೀರ್ಮಾನ ತಿಳಿಸುವುದಾಗಿ ಇಲಾಖೆ ಹೇಳುತ್ತದೆ. ಹೆಚ್ಚಿನ ವಿಚಾರಣೆ ಬೇಕಾದ ಅರ್ಜಿಗಳಿಗೆ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಈ ತಿಂಗಳುಗಳಲ್ಲಿ ಹೆತ್ತವರನ್ನು ಕಾಡುವ ಕೆಲವು ಪ್ರಶ್ನೆಗಳಿಗೆ ಉತ್ತರ ಸರಳ. ಅರ್ಜಿ ಹಾಕುವಾಗ ಹದಿನೇಳು, ತೀರ್ಮಾನ ಬರುವಾಗ ಹದಿನೆಂಟು ಆಗಿಬಿಟ್ಟರೆ? ಲೆಕ್ಕಕ್ಕೆ ಬರುವುದು ಅರ್ಜಿಯ ದಿನ. ಆದರೆ ಹದಿನೆಂಟು ತುಂಬಿದವರು ಪೌರತ್ವ ಸಮಾರಂಭಕ್ಕೆ ಹೋಗಿ ಪ್ರಮಾಣ ಮಾಡಬೇಕು, ಅದರ ಶುಲ್ಕ ಬೇರೆ. ತಿರಸ್ಕೃತವಾದರೆ? ಸಾಮಾನ್ಯ ಮೇಲ್ಮನವಿಯ ಹಕ್ಕಿಲ್ಲ. ಮರುಪರಿಶೀಲನೆಗೆ ಕೇಳಬಹುದು, ಇಲ್ಲವೇ ನ್ಯಾಯಾಲಯದ ಪರಿಶೀಲನೆ ಕೋರಬಹುದು. ಆದ್ದರಿಂದ ಮೊದಲ ಅರ್ಜಿಯೇ ಸರಿಯಾಗಿರಬೇಕು. ಯಾವ ಫಾರಂ, ಯಾವ ಕಲಮು ಎಂಬುದನ್ನು ತಪ್ಪಿಸಿದರೆ ಹಣವೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಒಪ್ಪಿಗೆಯ ಪತ್ರ ಬಂದ ದಿನವೇ ಎಲ್ಲ ಮುಗಿಯುವುದಿಲ್ಲ. ಬ್ರಿಟಿಷ್ ಪ್ರಜೆಯಾದ ಮೇಲೆ ಮಗುವಿನ ಹಳೆಯ ವೀಸಾಕ್ಕೆ ಅರ್ಥವಿಲ್ಲ; ಪ್ರಯಾಣಕ್ಕೆ ಬ್ರಿಟಿಷ್ ಪಾಸ್‌ಪೋರ್ಟ್ ಬೇಕು. ಊರಿಗೆ ಬರಲು ಭಾರತದ ವೀಸಾ ಅಥವಾ ಓಸಿಐ ಕಾರ್ಡ್ ಬೇಕು. ಇವೆಲ್ಲಕ್ಕೂ ವಾರಗಳು, ತಿಂಗಳುಗಳು ಹಿಡಿಯುತ್ತವೆ. ಅರ್ಜಿ ಹಾಕಿದ ವರ್ಷ ಕ್ರಿಸ್ಮಸ್‌ಗೆ ಊರಿಗೆ ಟಿಕೆಟ್ ಮಾಡುವ ಮೊದಲು ಎರಡು ಸಲ ಯೋಚಿಸಬೇಕು. ಊರಿನಲ್ಲಿ ಕಾಯುವ ಹಿರಿಯರೂ 'ಈ ಸಲವೂ ಬರಲಿಲ್ಲವಲ್ಲ' ಎಂದು ಬೇಸರಿಸದೆ ಅರ್ಥಮಾಡಿಕೊಳ್ಳಬೇಕು.

ಭಾರತದ ಕಡೆಯ ಲೆಕ್ಕ

ನಮ್ಮ ದೇಶ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ 9ನೇ ಕಲಮು ಇದನ್ನು ಸ್ಪಷ್ಟಪಡಿಸಿವೆ. ಬ್ರಿಟಿಷ್ ಪೌರತ್ವ ಪಡೆದ ಮಗುವಿನ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. 'ಎರಡೂ ಇರಲಿ' ಎಂದು ಹಳೆಯದನ್ನು ಕಪಾಟಿನಲ್ಲಿಟ್ಟು ಬಳಸಿದರೆ ದಂಡ ಕಾದಿದೆ. 2005ರ ತಿದ್ದುಪಡಿಯ ನಂತರ ಬಂದ ಓಸಿಐ ಕಾರ್ಡ್ ಹೆಸರಿನಲ್ಲಿ 'ಸಾಗರೋತ್ತರ ಭಾರತೀಯ ಪೌರತ್ವ' ಎಂದಿದ್ದರೂ ಅದು ನಿಜವಾದ ಪೌರತ್ವವಲ್ಲ. ಜೀವಮಾನವಿಡೀ ವೀಸಾ ಇಲ್ಲದೆ ಬಂದುಹೋಗಬಹುದು. ಮತದಾನವಿಲ್ಲ. ಅಜ್ಜನ ತೋಟ ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು, ಆದರೆ ಕೃಷಿ ಭೂಮಿಯನ್ನು, ತೋಟವನ್ನು ಹೊಸದಾಗಿ ಕೊಂಡುಕೊಳ್ಳುವಂತಿಲ್ಲ.

ಕಥೋಲಿಕ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. 2021ರ ಮಾರ್ಚ್ 4ರ ಕೇಂದ್ರ ಸರಕಾರದ ಅಧಿಸೂಚನೆಯಂತೆ ಓಸಿಐ ಇರುವವರು ಭಾರತದಲ್ಲಿ ಧರ್ಮಪ್ರಚಾರದ ಕೆಲಸ, ಪತ್ರಿಕಾ ಕೆಲಸ ಅಥವಾ ಸಂಶೋಧನೆ ಮಾಡಲು ವಿಶೇಷ ಅನುಮತಿ ಪಡೆಯಬೇಕು. ಇಂದು ಲಂಡನ್ನಿನಲ್ಲಿ ಪೂಜೆಯ ಗಂಟೆ ಬಾರಿಸುವ ಪುಟ್ಟ ಹುಡುಗ ನಾಳೆ ದೈವಕರೆಗೆ ಓಗೊಟ್ಟು ಹಿರಿಯರ ನಾಡಿಗೆ ಧರ್ಮಸೇವೆಗೆ ಬರಲು ಬಯಸಿದರೆ, ತನ್ನ ಅಜ್ಜನ ಊರಿನಲ್ಲೇ ಅವನು ಅನುಮತಿ ಕೇಳಬೇಕಾದೀತು.

ಪೌರತ್ವ ಬಯಸದವರಿಗೂ ಒಂದು ಎಚ್ಚರಿಕೆ. 2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಹುಟ್ಟಿದ ಮಗು ತಂದೆ-ತಾಯಿ ಭಾರತೀಯರೆಂಬ ಮಾತ್ರಕ್ಕೆ ಭಾರತೀಯ ಪ್ರಜೆಯಾಗುವುದಿಲ್ಲ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ಹೈಕಮಿಷನ್ ಅಥವಾ ಕಾನ್ಸುಲೇಟಿನಲ್ಲಿ ಜನನವನ್ನು ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕು. ಹೀಗೆ ನೋಂದಣಿಯಾಗದ, ಭಾರತೀಯ ತಂದೆ-ತಾಯಿಯ ಒಂದು ಮಗು ಯಾವ ದೇಶದ ಪ್ರಜೆಯೂ ಅಲ್ಲ, ಆದ್ದರಿಂದ ಬ್ರಿಟಿಷ್ ನೋಂದಣಿಗೆ ಅರ್ಹ ಎಂದು 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ತೀರ್ಪು ನೀಡಿತ್ತು. ಇದನ್ನೇ ಒಂದು ಉಪಾಯವೆಂದು ಕೆಲವರು ಪ್ರಚಾರ ಮಾಡಿದರು. 2022ರ ರಾಷ್ಟ್ರೀಯತೆ ಮತ್ತು ಗಡಿ ಕಾಯ್ದೆ ಆ ದಾರಿಯನ್ನು ಬಿಗಿಗೊಳಿಸಿತು: ಹೆತ್ತವರು ಮನಸ್ಸು ಮಾಡಿದ್ದರೆ ಮಗುವಿಗೆ ತಮ್ಮ ದೇಶದ ಪೌರತ್ವ ಸಿಗುತ್ತಿತ್ತು ಎಂದಾದರೆ ಆ ದಾರಿ ಈಗ ತೆರೆಯುವುದಿಲ್ಲ. ಬೇಕೆಂದೇ ಮಗುವನ್ನು ದೇಶವಿಲ್ಲದವನನ್ನಾಗಿ ಮಾಡುವುದು ಜಾಣತನವೂ ಅಲ್ಲ, ಧರ್ಮವೂ ಅಲ್ಲ.

ಪೌಲರ ಪೌರತ್ವ

'ನಮ್ಮ ಪೌರತ್ವ ಸ್ವರ್ಗದಲ್ಲಿದೆ, ಈ ಲೋಕದ ಕಾಗದಗಳ ಬಗ್ಗೆ ಧರ್ಮಸಭೆಗೇಕೆ ಚಿಂತೆ?' ಎಂದು ಯಾರಾದರೂ ಕೇಳಬಹುದು. ಫಿಲಿಪ್ಪಿಯರಿಗೆ ಆ ಅರ್ಥದ ಮಾತನ್ನು ಬರೆದವರು ಸಂತ ಪೌಲರೇ. ಅದೇ ಪೌಲರು ಜೆರುಸಲೇಮಿನಲ್ಲಿ ಸೈನಿಕರು ಚಾವಟಿ ಎತ್ತಿದಾಗ ತಾವು ರೋಮಿನ ಪ್ರಜೆ ಎಂದು ಹೇಳಿ ತಮ್ಮನ್ನು ರಕ್ಷಿಸಿಕೊಂಡರು. ಆಗ ಸಹಸ್ರಾಧಿಪತಿ ತಾನು ಈ ಪೌರತ್ವವನ್ನು ದೊಡ್ಡ ಮೊತ್ತ ತೆತ್ತು ಪಡೆದೆ ಎಂದನು. ಪೌಲರು ತಮಗೆ ಅದು ಹುಟ್ಟಿನಿಂದಲೇ ಬಂದದ್ದು ಎಂದರು. ಹಣ ಕೊಟ್ಟು ಪಡೆಯುವವರು, ಹುಟ್ಟಿನಿಂದ ಪಡೆಯುವವರು - ಪ್ರೇಷಿತರ ಕಾರ್ಯಕಲಾಪಗಳ 22ನೇ ಅಧ್ಯಾಯದ ಈ ಸಂಭಾಷಣೆ ಇಂದಿನ ಗೃಹ ಇಲಾಖೆಯ ಬಾಗಿಲಲ್ಲೂ ಕೇಳಿಸುತ್ತದೆ.

ಪ್ರತಿಯೊಂದು ಮಗುವಿಗೂ ರಾಷ್ಟ್ರೀಯತೆಯ ಹಕ್ಕಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ ಹೇಳುತ್ತದೆ. ಬ್ರಿಟನ್ನೂ ಭಾರತವೂ ಅದನ್ನು ಒಪ್ಪಿವೆ. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2017ರ ವಲಸಿಗರ ದಿನದ ಸಂದೇಶವನ್ನು ದನಿಯಿಲ್ಲದ ವಲಸೆ ಮಕ್ಕಳಿಗೇ ಮೀಸಲಿಟ್ಟರು. 2018ರ ಸಂದೇಶದಲ್ಲಿ, ಹುಟ್ಟುವಾಗಲೇ ಎಲ್ಲ ಮಕ್ಕಳ ರಾಷ್ಟ್ರೀಯತೆಯನ್ನು ಗುರುತಿಸಿ ದಾಖಲಿಸಬೇಕೆಂದು ಕೇಳಿಕೊಂಡರು. ಒಂದು ದೇಶ ತನ್ನ ಗಡಿಯನ್ನು ಕಾಯುವುದು ತಪ್ಪಲ್ಲ; ಧರ್ಮಸಭೆ ಅದನ್ನು ಅಲ್ಲಗಳೆದಿಲ್ಲ. ಆದರೆ ತನ್ನ ವೃದ್ಧರ ಹಾಸಿಗೆ ಬದಲಿಸಲು ಕರೆಸಿಕೊಂಡ ಕೈಗಳಿಗೆ ಹುಟ್ಟಿದ ಮಗು, ತನ್ನದೇ ಶಾಲೆಯಲ್ಲಿ ಬೆಳೆದ ಮಗು, ಹದಿನೈದು ವರ್ಷ ಹೊಸ್ತಿಲಲ್ಲೇ ನಿಂತಿರಬೇಕೇ ಎಂದು ಕೇಳುವ ಹೊಣೆ ನಮಗಿದೆ. ಕಾನೂನು ಹಕ್ಕೆಂದು ಕೊಟ್ಟದ್ದನ್ನು ಶುಲ್ಕವೂ ಕಾಯುವಿಕೆಯೂ ಸೇರಿ ಉಪಕಾರವನ್ನಾಗಿ ಮಾಡಬಾರದು.

ನಾವು ಮಾಡಬಹುದಾದದ್ದು

ಬ್ರಿಟನ್ನಿನ ಕಾನೂನನ್ನು ನಾವು ಇಲ್ಲಿಂದ ಬದಲಿಸಲಾರೆವು. ಆದರೆ ನಮ್ಮ ಧರ್ಮಕೇಂದ್ರಗಳಿಂದ ಆಗುವ ಸಹಾಯ ಸಣ್ಣದಲ್ಲ.

ಮೊದಲನೆಯದು, ಹೆಸರುಗಳು. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಜನನ ಪತ್ರದಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಕುಲನಾಮವೇ ಇಲ್ಲ - ಇದು ಕರಾವಳಿಯ ಕ್ರೈಸ್ತರ ಹಳೆಯ ಸಮಸ್ಯೆ. ಜ್ಞಾನಸ್ನಾನದ ಪತ್ರ ಪೌರತ್ವದ ದಾಖಲೆಯಲ್ಲ, ಜನನ ಪತ್ರವೇ ಬೇಕು. ಆದರೂ ಎರಡರಲ್ಲೂ ಒಂದೇ ಹೆಸರು, ಒಂದೇ ಅಕ್ಷರಕ್ರಮ ಇದ್ದರೆ ಮುಂದಿನ ಎಷ್ಟೋ ಓಡಾಟ ತಪ್ಪುತ್ತದೆ. ಜ್ಞಾನಸ್ನಾನಕ್ಕೆ ಹೆಸರು ಬರೆಸುವಾಗ ಜನನ ಪತ್ರದ ಪ್ರತಿ ನೋಡಿ ಬರೆಯುವ ರೂಢಿಯನ್ನು ಎಲ್ಲ ಕಚೇರಿಗಳೂ ಪಾಲಿಸಲಿ.

ಎರಡನೆಯದು, ಸಾಕ್ಷಿ. ಮಗುವಿನ ಅರ್ಜಿಗೆ ಇಬ್ಬರು ಪರಿಚಿತರ ಸಹಿ ಬೇಕು. ಅವರಲ್ಲಿ ಒಬ್ಬರು ತಮ್ಮ ವೃತ್ತಿಯ ನೆಲೆಯಲ್ಲಿ ಮಗುವನ್ನು ಬಲ್ಲವರಾಗಿರಬೇಕು - ಶಿಕ್ಷಕರು, ಸಮಾಜ ಕಾರ್ಯಕರ್ತರು ಅಥವಾ ಧರ್ಮಗುರುಗಳು. ಅಲ್ಲಿರುವ ನಮ್ಮವರು ಆ ಊರಿನ ಚರ್ಚಿಗೆ ಸರಿಯಾಗಿ ಸೇರಿಕೊಂಡು, ಮಗುವನ್ನು ಧರ್ಮೋಪದೇಶಕ್ಕೆ ಕಳುಹಿಸುತ್ತಿದ್ದರೆ ಆ ಸಹಿ ಕೇಳಲು ಸಂಕೋಚವಿರುವುದಿಲ್ಲ. ವರ್ಷಕ್ಕೊಮ್ಮೆ ಕೊಂಕಣಿ ಪೂಜೆಗೆ ಮಾತ್ರ ಹೋಗುವವರನ್ನು ಯಾವ ಧರ್ಮಗುರು ತಾನೇ ಬಲ್ಲರು?

ಮೂರನೆಯದು, ಸಲಹೆ. ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದೆ ವಲಸೆ ಮತ್ತು ಪೌರತ್ವದ ಸಲಹೆ ಕೊಡುವುದು 1999ರ ಕಾಯ್ದೆಯಂತೆ ಅಪರಾಧ. ಹಣ ಪಡೆಯದೆ ಕೊಟ್ಟರೂ ಈ ನಿಯಮ ಅನ್ವಯಿಸುತ್ತದೆ. ಸಂಘದ ಹಿರಿಯರು ಒಳ್ಳೆಯ ಮನಸ್ಸಿನಿಂದ ಫಾರಂ ತುಂಬಿಸಿ ತಾವೂ ತೊಂದರೆಗೆ ಬೀಳಬಾರದು, ಕುಟುಂಬವನ್ನೂ ಬೀಳಿಸಬಾರದು. ವಕೀಲರು ಅಥವಾ ಅಲ್ಲಿನ ವಲಸೆ ಸಲಹಾ ಪ್ರಾಧಿಕಾರದಲ್ಲಿ ನೋಂದಾಯಿತರಾದ ಸಲಹೆಗಾರರ ಬಳಿಗೆ ಕಳುಹಿಸುವುದೇ ದೊಡ್ಡ ಸಹಾಯ. 'ನಾನು ಮಾಡಿಸಿಕೊಡುತ್ತೇನೆ' ಎಂದು ಊರಿನಲ್ಲೇ ಹಣ ಕೇಳುವ ಏಜೆಂಟರಿಂದ ದೂರವಿರುವುದು ಇನ್ನೂ ಮುಖ್ಯ. ನಿಯಮಗಳು, ಶುಲ್ಕಗಳು ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ದಿನದ ನಿಯಮವನ್ನು ಗೃಹ ಇಲಾಖೆಯ ಅಧಿಕೃತ ಮಾಹಿತಿಯಲ್ಲೇ ನೋಡಬೇಕು.

ಕೊನೆಯದಾಗಿ, ಊರಿನಲ್ಲಿರುವ ನಾವು. ನಮ್ಮ ಗುರಿಕಾರರು ಮನೆಗಳಿಗೆ ಭೇಟಿ ಕೊಡುವಾಗ ವಿದೇಶದಲ್ಲಿರುವವರ ಬಗ್ಗೆ 'ಹಣ ಕಳುಹಿಸುತ್ತಾರಾ?' ಎಂದು ಕೇಳುವುದಕ್ಕಿಂತ 'ಮಕ್ಕಳ ಕಾಗದಗಳೆಲ್ಲ ಸರಿಯಾಗಿವೆಯಾ?' ಎಂದು ಕೇಳಲಿ. ಆ ಒಂದು ಪ್ರಶ್ನೆ ಅಜ್ಜಿಯ ಫೋನಿನ ಮೂಲಕ ಬ್ರಿಟನ್ನಿನ ಮನೆಗೆ ತಲುಪುತ್ತದೆ. ಹೆರೋದನ ಕತ್ತಿಗೆ ಹೆದರಿ ಪರದೇಶಕ್ಕೆ ಹೋದ ಕುಟುಂಬದಲ್ಲಿಯೂ ಒಂದು ಪುಟ್ಟ ಮಗುವಿತ್ತು. ಆ ಮಗುವಿಗೆ ನೆಲೆ ಕೊಡಲು ಜೋಸೆಫರು ಸಮಯಕ್ಕೆ ಸರಿಯಾಗಿ ಎದ್ದು ಹೊರಟರು. ನಮ್ಮ ಹೆತ್ತವರೂ ತಮ್ಮ ಮಕ್ಕಳ ವಿಷಯದಲ್ಲಿ ಹಾಗೆಯೇ ಸಕಾಲದಲ್ಲಿ ಎಚ್ಚೆತ್ತುಕೊಳ್ಳಲಿ. ನಿರ್ಧಾರಕ್ಕಾಗಿ ಕಾಯುತ್ತಿರುವ ಎಲ್ಲ ಕುಟುಂಬಗಳನ್ನು ಈ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನೆನೆಯೋಣ.